ಎಡಗೆನ್ನೆಯ ಮಚ್ಚೆ

ಆಲ್ಬಮ್ಮಿನ ಆ ಪುಟದಲ್ಲಿ ಫೋಟೊ ಸಿಕ್ಕಿಸುವ ನಾಲ್ಕು ಮೂಲೆಗಳಷ್ಟೇ ಉಳಿದಿದ್ದವು. ತೀರಿಕೊಂಡ ನಮ್ಮವರ ನಗುವಿನ ಫೋಟೊ ಇರಲಿಲ್ಲ. ಕ್ಯಾಮೆರಾ ಕಂಡರೆ ಮುಖ ಬಿಗಿದುಕೊಳ್ಳುತ್ತಿದ್ದ ಮನುಷ್ಯ, ನಕ್ಕದ್ದು ಅದೊಂದರಲ್ಲೇ. ಅದಕ್ಕೆ ಇನ್ನೊಂದು ಪ್ರತಿಯೂ ಇಲ್ಲ.

ಮನೆಯಲ್ಲಿರುವವರು ಮೂವರು. ನಾನು ತೆಗೆದಿಲ್ಲ. ಮಗನಿಗೆ ಆಲ್ಬಮ್ ಎಲ್ಲಿದೆಯೆಂಬುದೇ ಗೊತ್ತಿಲ್ಲ. ಉಳಿದವಳು ಸೊಸೆ.

ನಾಲ್ಕು ದಿನದಿಂದ ಅವಳು ಹಿಂದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊರಗೆ ಬಂದರೆ ಬೆರಳ ತುದಿಯೆಲ್ಲ ಬೆಳ್ಳಗೆ, ಮೈಯೆಲ್ಲ ಅಂಟಿನ ವಾಸನೆ.

"ಒಳಗೇನಮ್ಮಾ ಮಾಡ್ತಿದ್ದೀಯ?"

"ಏನಿಲ್ಲ ಅತ್ತೆ, ಟೈಲ್ಸ್ ಒರೆಸ್ತಿದ್ದೆ."

ಆ ಕೋಣೆಗಿರುವುದು ಸಿಮೆಂಟ್ ನೆಲ.

ಮಗನಿಗೆ ಹೇಳಿದೆ. "ಏನಮ್ಮಾ, ಪತ್ತೇದಾರಿ ಕೆಲಸ ಶುರುಮಾಡಿದ್ಯಾ? ಸಂಬಳ ಎಷ್ಟಂತೆ?" ಎಂದು ನಕ್ಕ. ನಗುವಾಗ ನನ್ನ ಮುಖ ನೋಡಲಿಲ್ಲ. ಇವನೂ ಶಾಮೀಲು ಎಂದುಕೊಂಡೆ.

ಮಧ್ಯಾಹ್ನ ಸೊಸೆ ಅಂಗಡಿಗೆ ಹೋದದ್ದೇ ಒಳಗೆ ನುಗ್ಗಿದೆ. ಬಕೆಟ್ಟಿನ ನೀರಿನಲ್ಲಿ ಕಾಗದ ಹಿಟ್ಟಿನಂತೆ ಕದಡಿತ್ತು. ಕರಗದೆ ಉಳಿದ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದೆ. ಆ ಫೋಟೊದಲ್ಲಿ ಅವರು ತೊಟ್ಟಿದ್ದ ಅಂಗಿಯ ಚೌಕಳಿ.

ಕಿಟಕಿಯ ಕೆಳಗೆ ಮೂರು ಬಿಳಿ ಟೈಲ್ಸ್ ಇದ್ದವು. ಒಂದರಲ್ಲಿ ನಮ್ಮವರ ಮುಖ ನಡುವೆ ಸುಲಿದುಹೋಗಿತ್ತು. ಇನ್ನೊಂದರಲ್ಲಿ ಪೂರ್ತಿ ನಗುತ್ತಿದ್ದರು, ಆದರೆ ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹೋಗಿತ್ತು. ಮೂರನೆಯದಕ್ಕೆ ಕಾಗದ ಅಂಟಿಕೊಂಡೇ ಇತ್ತು.

"ಅತ್ತೆ..."

ಬಾಗಿಲಲ್ಲಿ ಸೊಸೆ, ಕೈಯಲ್ಲಿ ಅಂಟಿನ ಡಬ್ಬಿ.

"ಫೋಟೊ ಎಲ್ಲಿ? ನೀರಿಗೆ ಹಾಕಿ ಉಜ್ಜಿಬಿಟ್ಯಾ?" ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ಅಯ್ಯೋ, ಅದು ಜೆರಾಕ್ಸ್! ಟೈಲ್ಸ್ ಮೇಲೆ ಬೋರಲು ಅಂಟಿಸಿ, ಒಣಗಿದ ಮೇಲೆ ನೆನೆಸಿ ಕಾಗದ ಉಜ್ಜಿ ತೆಗೀಬೇಕು, ಬಣ್ಣ ಮಾತ್ರ ಉಳಿಯುತ್ತೆ. ಭಾನುವಾರ ನಿಮಗೆ ಎಪ್ಪತ್ತು ತುಂಬುತ್ತಲ್ಲ, ಅದಕ್ಕೆ... ಬೋರಲು ಹಾಕಿದ್ರೆ ಎಡ ಬಲ ಆಗುತ್ತೆ ಅಂತ ಹೊಳೀಲೇ ಇಲ್ಲ ಅತ್ತೆ. ಮಾವನ್ನ ನಾನು ನೋಡಿದೋಳಲ್ಲ. ಮಚ್ಚೆ ಆ ಕಡೆ ಇದ್ರೆ ನೀವು ಬೇರೆ ಯಾರೋ ಅಂದ್ಕೊಳ್ತೀರಿ ಅಂತ ಮೂರನೇದಕ್ಕೆ ಕನ್ನಡೀಲಿ ಕಂಡ ಹಾಗೆ ತಿರುಗಿಸಿ ಮತ್ತೆ ಜೆರಾಕ್ಸ್ ಮಾಡಿಸ್ದೆ."

"ನಿಜವಾದದ್ದೆಲ್ಲಿ?" ಅನುಮಾನ ಅಷ್ಟು ಬೇಗ ಬಿಡಲಿಲ್ಲ.

ಅವಳು ಬೀರು ತೆರೆದು ತನ್ನ ಕಾಲೇಜಿನ ಸರ್ಟಿಫಿಕೇಟುಗಳ ಫೈಲು ತೆಗೆದಳು. ಪದವಿ ಪತ್ರದ ಬೆನ್ನಿಗೆ, ತೆಳುಕಾಗದದಲ್ಲಿ ಸುತ್ತಿದ ಫೋಟೊ. ಮೂಲೆ ಕೂಡ ಮಡಿಸಿರಲಿಲ್ಲ.

"ಕಳ್ಕೋಬಾರದ್ದನ್ನೆಲ್ಲ ಇದ್ರಲ್ಲೇ ಇಡೋದು ನಾನು."

ನಾನು ಬಕೆಟ್ಟಿನ ಪಕ್ಕ ಕುಳಿತೆ.

"ಮೂರನೇದು ಒಣಗಿದ್ಯಾ? ಕೊಡಿಲ್ಲಿ. ಹೇಗೆ ಉಜ್ಜಬೇಕು ಹೇಳು."

"ಮೆಲ್ಲಗೆ ಅತ್ತೆ. ಮೊದಲನೇದ್ರಲ್ಲಿ ಮಾವನ ಮೂಗೇ ಕಿತ್ತುಬಂತು."

"ಬಂದ್ರೆ ಬರ್ಲಿ ಬಿಡು. ಸಿಟ್ಟೆಲ್ಲ ಅದರ ತುದಿಯಲ್ಲೇ ಇತ್ತು."

ಅವಳು ನಕ್ಕು, ಕೂರಲು ನನಗೊಂದು ಮಣೆ ಸರಿಸಿದಳು. ಒದ್ದೆ ಕಾಗದ ಬೆರಳಿಗೆ ಎಳೆಎಳೆಯಾಗಿ ಬಂತು. ಮೊದಲು ಅಂಗಿ, ಆಮೇಲೆ ಗಲ್ಲ. ಕೆನ್ನೆಯ ಹತ್ತಿರ ಬಂದಾಗ ಇಬ್ಬರೂ ಉಸಿರು ಬಿಗಿಹಿಡಿದೆವು.

ಮಚ್ಚೆ ಎಡಕ್ಕೇ ಇತ್ತು.