ಮಾರ್ತಮ್ಮನ ಮಣ್ಣು

"ಓರೆ ಮಾಡ್ರಿ, ಸ್ವಲ್ಪ ಓರೆ ಮಾಡ್ರಿ! ಬಾಗಲಾ ಸಣ್ಣದದ."

ಪಕ್ಕದ ಮನೆಯ ಮನ್ಸೂರಅಲಿ ಒಳಗಿನಿಂದ ತಳ್ಳಿದ, ಸಂಜೀವಕುಮಾರ ಹೊರಗಿನಿಂದ ಎಳೆದ. ಹೊಸ ಹಲಗೆಯ ಪೆಟ್ಟಿಗೆ ಚೌಕಟ್ಟಿಗೆ ಉಜ್ಜಿಕೊಂಡು ಅಂಗಳಕ್ಕೆ ಬಂತು. ಒಳಗೆ ಬಿಳಿ ಸೀರೆಯುಟ್ಟು ಮಲಗಿದ್ದವಳು ಸಂಜೀವನ ತಾಯಿ ಮಾರ್ತಮ್ಮ. ಯಾದಗಿರಿ ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ರೊಟ್ಟಿ ಮಾರಿ ಇಬ್ಬರು ಮಕ್ಕಳನ್ನು ಓದಿಸಿದವಳು, ನಿನ್ನೆ ಮುಂಜಾನೆ ಒಲೆಯ ಮುಂದೆಯೇ ಎದೆ ಹಿಡಿದುಕೊಂಡು ಒರಗಿದ್ದಳು.

ಶಹಾಪುರದಿಂದ ಬಂದಿದ್ದ ಸೋದರಮಾವ ಯೇಸಪ್ಪ ಶಾಮಿಯಾನದ ಕೆಳಗೆ ಕುಳಿತಲ್ಲೇ ಗೊಣಗಿದ. "ಇದ್ದೊಬ್ಬಾಕಿ ಮಗಳು ತಾಯಿ ಮಣ್ಣಿಗಿ ಬರ್ಲಿಲ್ಲಲ್ಲೋ."

"ಹ್ಯಾಂಗ ಬರ್ತಾಳ ಮಾವ? ವಿಮಾನ ಬಂದ್ ಆಗ್ಯಾವ."

"ಮೊದಲ ಬಾಂಬ್ ಬಿದ್ದಾಗೇ ಕರಸಬೇಕಿತ್ತು. ನನ್ನ ತಂಗಿಗಿ ಕರುಳು ಇರಲಿಲ್ಲೇನು?"

ಸಂಜೀವ ಬಾಗಿ ಪೆಟ್ಟಿಗೆಗೆ ಹೆಗಲು ಕೊಟ್ಟ.

*

ತಂಗಿ ಶಾಂತಕುಮಾರಿ ಇಸ್ರೇಲಿನ ಹೈಫಾದಲ್ಲಿ, ಕಾಲಿನ ಸ್ವಾಧೀನ ತಪ್ಪಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಯುದ್ಧ ಶುರುವಾದ ಸುದ್ದಿ ಹಬ್ಬಿದ ದಿನ ಸಂಜೀವ ಪ್ರಾರ್ಥನಾ ಕೂಟದಿಂದ ಬರುವಾಗಲೇ ಜೋಳದ ಚೀಲಗಳನ್ನು ಆಟೋದಲ್ಲಿ ಹಾಕಿಕೊಂಡು ಬಂದಿದ್ದ.

"ಕಡೀ ದಿನ ಬಂದಾವಂತ, ಯವ್ವಾ. ಯುದ್ಧ, ಭೂಕಂಪ, ಎಲ್ಲಾ ಬೈಬಲಿನ್ಯಾಗ ಬರದಂಗೇ ಆಗಾಕತ್ತದ. ನಾವು ತಯಾರ್ ಇರಬೇಕು."

ಮಾರ್ತಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಈ ಚೀಲ ತಯಾರಿಗೇನು?"

"ಮತ್ತ?"

"ಹಂಗಾದ್ರ ಒಂದು ಚೀಲ ಮನ್ಸೂರನ ಮನಿಗಿ ಹಾಕಿ ಬಾ. ಅವಂಗ ಕೆಲಸ ಸಿಕ್ಕಿಲ್ಲ."

"ನಾ ಸ್ವಾಮಿ ತಿರುಗಿ ಬರೋ ಮಾತು ಹೇಳಾಕತ್ತೇನಿ, ನೀ..."

"ಬರ್ಲಿ ಬಿಡೋ. ಹಂಚಿನ ಮ್ಯಾಲಿನ ಬಿಸಿ ರೊಟ್ಟಿ ಮೊದಲ ಆತಗೇ ಕೊಡ್ತೀನಿ."

ಅಷ್ಟರಲ್ಲಿ ಫೋನ್ ಬಂತು. ಶಾಂತಕುಮಾರಿ ಅಳುತ್ತಿದ್ದಳು. "ಯವ್ವಾ, ಟಿಕೆಟ್ ಸಿಗಾಕತ್ತದ. ಬರ್ಲೇನು?"

"ಬಂದುಬಿಡು!" ಸಂಜೀವ ಕೂಗಿದ. ತಾಯಿ ಹಿಟ್ಟಿನ ಕೈಯಲ್ಲೇ ಫೋನ್ ಕಸಿದುಕೊಂಡಳು.

"ನೀ ಬಂದ್ರ ಆ ಮುದುಕಿಗಿ ಯಾರದಾರ?"

"ಯಾರೂ ಇಲ್ಲವ್ವ. ಆಕಿ ಮಗ ದಂಡಿಗಿ ಹೋಗ್ಯಾನ."

"ಬಾ ಅಂತೂ ಅನ್ನಲ್ಲ, ಬ್ಯಾಡ ಅಂತೂ ಅನ್ನಲ್ಲ. ಬಂದ್ರ ನಿನ್ನ ಮನಿ ಇದು. ಆದ್ರ ಒಂದು ತಿಳಕೋ. ಸ್ವಾಮಿ ಬಂದಾಗ ನಾವು ಎಲ್ಲಿ ಅಡಗಿದ್ವಿ ಅಂತ ಕೇಳಂಗಿಲ್ಲ. ಯಾರ ಬಾಜೂಕ ಇದ್ವಿ ಅಂತ ಕೇಳ್ತಾನ."

ಫೋನ್ ಇಟ್ಟ ಮೇಲೆ ಒಲೆಯನ್ನೇ ನೋಡುತ್ತ ಕುಳಿತಳು. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆಯಾಡಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಮಗಳು ಅಲ್ಲೇ ಉಳಿದಳು.

*

ಸಮಾಧಿಯ ಹತ್ತಿರ ಪಾಸ್ಟರ್ ಪ್ರಾರ್ಥನೆ ಮುಗಿಸಿದಾಗ ಸಂಜೀವನ ಮೊಬೈಲಿನಲ್ಲಿ ತಂಗಿಯ ಮುಖ ಕಾಣಿಸಿತು. ಅವನು ಅದನ್ನು ತೆರೆದ ಪೆಟ್ಟಿಗೆಯ ಮೇಲೆ ಹಿಡಿದ. ಶಾಂತಕುಮಾರಿ ಬಹಳ ಹೊತ್ತು ನೋಡಿದಳು. "ಮುಚ್ಚರಿ ಅಣ್ಣಾ," ಎಂದಳು ಕೊನೆಗೆ.

ಮುಚ್ಚಳ ಬಡಿದು, ಹಗ್ಗ ಬಿಟ್ಟು, ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಹಾಡು ಶುರುವಾಯಿತು. ಅದರ ನಡುವೆಯೇ ಫೋನಿನೊಳಗಿಂದ ಸೈರನ್ ಊಳಿಟ್ಟಿತು. ಜನ ಬೆಚ್ಚಿ, ಏನೂ ಇಲ್ಲದ ಯಾದಗಿರಿಯ ಆಕಾಶ ನೋಡಿದರು. ಹಾಡು ನಿಂತಿತು.

"ಅಣ್ಣಾ, ಅಜ್ಜಿನ್ನ ಹೊತ್ತು ಕೆಳಗ ಬಂಕರಿಗಿ ಒಯ್ಯಬೇಕು. ಲಿಫ್ಟ್ ನಡಿಯಂಗಿಲ್ಲ. ನೀವು ಹಾಡು ನಿಲ್ಲಸಬ್ಯಾಡ್ರಿ."

"ಬಿಟ್ಟು ಓಡವ್ವ!" ಗುಂಪಿನಲ್ಲಿ ಯಾರೋ ಕಿರುಚಿದರು.

ಯೇಸಪ್ಪ ತಿರುಗಿ ನಿಂತ. ಅವನ ಗಡ್ಡವೆಲ್ಲ ಒದ್ದೆಯಾಗಿತ್ತು. "ಯಾಕ ಓಡ್ತಾಳ? ಆಕಿ ನನ್ನ ತಂಗಿ ಮಾರ್ತಿ ಮಗಳು!" ಎಂದು ಗದರಿದ. ಬಾಗಿ ಒಂದು ಹಿಡಿ ಮಣ್ಣು ಹಾಕಿ, ನಿಂತಲ್ಲಿಂದಲೇ ಹಾಡನ್ನು ಎತ್ತಿಕೊಂಡ. ಒಬ್ಬೊಬ್ಬರಾಗಿ ಎಲ್ಲರೂ ದನಿಗೂಡಿಸಿದರು.

ಸಂಜೀವ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದ. ಪರದೆಯಲ್ಲಿ ಮೆಟ್ಟಿಲುಗಳು ಅಲುಗಾಡುತ್ತ ಒಂದೊಂದಾಗಿ ಇಳಿಯುತ್ತಿದ್ದವು. ಸೈರನ್ನಿನ ಕೆಳಗೆ, ಏದುಸಿರಿನಲ್ಲಿ, ಗುಂಪಿಗಿಂತ ಅರ್ಧ ಸಾಲು ಹಿಂದೆ ಅವನ ತಂಗಿ ಹಾಡುತ್ತಿದ್ದಳು.