ಜೋಡಿ ಆಟಕ್ಕೆ ಹತ್ತು ಜಾಸ್ತಿ

ಮುನಿರಾಜುವಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಸೌದೆಯ ವಿಷಯಕ್ಕೆ ಎಂದರೆ ಯಾರೂ ನಂಬುವುದಿಲ್ಲ. ಅದೂ ಕಂಪ್ಯೂಟರಿನೊಳಗಿನ ಸೌದೆ. ಕೋಟೆ ಕಟ್ಟಿ ಯುದ್ಧ ಮಾಡುವ ಆಟ ಅದು. ಮೊದಲು ಸೌದೆ ಕಡಿಸಬೇಕು, ಕಲ್ಲು ಹೊರಿಸಬೇಕು, ಆಮೇಲೆ ಸೈನ್ಯ. ಅವನೂ ಅವನ ಗೆಳೆಯ ಮೂರ್ತಿಯೂ ಅದನ್ನು ಯಾವಾಗಲೂ ಸೌದೆ ಎಂದೇ ಕರೆಯುತ್ತಿದ್ದರು. ಒಂದು ಸಂಜೆ ಮೂರ್ತಿ ಪಕ್ಕದಲ್ಲಿ ಕೂತಿದ್ದವನಿಗೆ, ಕಟ್ಟಿಗಿ ಸಾಲಲ್ಲ, ಇನ್ನೆರಡು ಆಳು ಹಾಕಲೇ ಅಂದ. ಹೇರೋಹಳ್ಳಿಯಲ್ಲೇ ಹುಟ್ಟಿ ಬೆಳೆದವನ ಬಾಯಲ್ಲಿ ಕಟ್ಟಿಗಿ. ಕೌಂಟರಿನಲ್ಲಿ ಯಾರದೋ ಬಯೋಡೇಟಾ ಪ್ರಿಂಟ್ ತೆಗೆಯುತ್ತಿದ್ದ ಮುನಿರಾಜುವಿನ ಕೈ ಅಲ್ಲೇ ನಿಂತಿತು.

ಸೈಬರ್ ಸೆಂಟರ್ ಅವನದೇ. ಅಪ್ಪ ನಂಜುಂಡಪ್ಪ ರಾಗಿ ಬೆಳೆಯುತ್ತಿದ್ದ ಹೊಲವನ್ನು ಸೈಟು ಮಾಡಿ ಮಾರಿ, ಉಳಿದ ಜಾಗದಲ್ಲಿ ನಾಲ್ಕು ಅಂಗಡಿ ಕಟ್ಟಿಸಿ, ಕೊನೆಯದನ್ನು ಮಗನಿಗೆ ಬಿಟ್ಟಿದ್ದರು. ಎಸ್.ಪಿ. ರಸ್ತೆಯಿಂದ ಆರು ಹಳೇ ಕಂಪ್ಯೂಟರ್ ಬಂದವು. ಅವುಗಳ ನಡುವಿನ ನೀಲಿ ವೈರನ್ನು ಒಂದು ಭಾನುವಾರ ಪೂರ್ತಿ ಕೂತು ಎಳೆದವರು ಮುನಿರಾಜು ಮತ್ತು ಮೂರ್ತಿ. ನಿಜ ಹೇಳಬೇಕೆಂದರೆ ಮುನಿರಾಜು ಅಂಗಡಿ ಇಟ್ಟದ್ದೇ ಮೂರ್ತಿಯ ಜೊತೆ ಆಡುವುದಕ್ಕೆ. ಮೂರ್ತಿ ಪೀಣ್ಯದ ಫ್ಯಾಕ್ಟರಿಯಿಂದ ಸಂಜೆ ನೇರ ಇಲ್ಲಿಗೇ ಬರುತ್ತಿದ್ದ. ಕಂಪ್ಯೂಟರಿನ ಸೈನ್ಯದ ಎದುರು ಇಬ್ಬರೂ ಒಂದೇ ಪಕ್ಷ, ರಾಜ್ಯ ಅಕ್ಕಪಕ್ಕ, ಮೂರ್ತಿಯದು ಎಡಕ್ಕೆ, ಮುನಿರಾಜುವಿನದು ಬಲಕ್ಕೆ. ಆದ್ದರಿಂದ ಮುನಿರಾಜು ತನ್ನ ಕೋಟೆಗೆ ಮೂರೇ ಕಡೆ ಗೋಡೆ ಕಟ್ಟುತ್ತಿದ್ದ. ಎಡಗಡೆ ಮೂರ್ತಿ ಇರುವಾಗ ಅಲ್ಲಿ ಕಲ್ಲು ದಂಡ ಮಾಡುವುದು ಯಾಕೆ ಎನ್ನುವುದು ಅವನ ಲೆಕ್ಕ.

ಆದರೆ ಅಂಗಡಿ ಅಂದಮೇಲೆ ಗಿರಾಕಿ. ಪಿಯುಸಿ ರಿಸಲ್ಟು, ರೈಲ್ವೆ ಅರ್ಜಿ, ಜೆರಾಕ್ಸು. ಮುನಿರಾಜುವಿಗೆ ಕೌಂಟರ್ ಬಿಟ್ಟು ಏಳಲಾಗದೆ ಮೂರ್ತಿ ಒಬ್ಬನೇ ಆಕಳಿಸುತ್ತಾ ಕೂರುವಂತಾಯಿತು. ಆ ದಿನಗಳಲ್ಲೇ ಶಿವಯೋಗಿ ಬಂದ. ಬಾದಾಮಿ ಕಡೆಯ ಹುಡುಗ, ಸೌದೆಗೆ ಕಟ್ಟಿಗಿ ಅನ್ನುವವನು, ಮಾಗಡಿ ರಸ್ತೆಯ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ, ಐಟಿಐ ರಿಸಲ್ಟ್ ನೋಡಲು ಬಂದಿದ್ದ. ಸುಮ್ಮನೆ ಕೂರುವ ಬದಲು ನಮ್ಮವನ ಜೊತೆ ಒಂದು ಆಟ ಆಡು ಎಂದು ಕರೆದು ಕೂರಿಸಿದವನು ಬೇರೆ ಯಾರೂ ಅಲ್ಲ, ಮುನಿರಾಜುವೇ. ಎರಡು ದಿನ ಸೋತು ಓಡಿಹೋಗುತ್ತಾನೆ ಎಂದುಕೊಂಡಿದ್ದ. ಶಿವಯೋಗಿ ನಾಲ್ಕನೇ ದಿನ ಗೆದ್ದ. ಆಮೇಲೆ ಸಂಜೆ ಆರಾಯಿತೆಂದರೆ ಮೂರ್ತಿ ಬಾಗಿಲಲ್ಲೇ ನಿಂತು ಮೊದಲು ಕೇಳುತ್ತಿದ್ದದ್ದು, ಅವನು ಬಂದ್ನಾ ಎಂದು. ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು ಮುನಿರಾಜುವಿನ ಕಥೆ.

ಅವರಿಬ್ಬರ ನಗು ಅವನಿಗೆ ಕೌಂಟರ್ ತನಕ ಕೇಳುತ್ತಿತ್ತು, ಏತಕ್ಕೆ ನಕ್ಕರು ಎಂಬುದು ಮಾತ್ರ ಕೇಳುತ್ತಿರಲಿಲ್ಲ. ಅದೇ ದೊಡ್ಡ ಸಂಕಟ. ಊಟ ಸೇರಲಿಲ್ಲ. ಗಂಡ ಹೆಂಡಿರಲ್ಲ, ಆಸ್ತಿ ಪಾಲಲ್ಲ, ಒಂದು ಆಟಕ್ಕೆ ಇಷ್ಟೊಂದು ಉರಿಯಬೇಕೆ ಎಂದು ತನ್ನನ್ನೇ ಬೈದುಕೊಂಡ. ಉರಿ ಆರಲಿಲ್ಲ. ಶಿವಯೋಗಿಯನ್ನು ಬರಬೇಡ ಎನ್ನುವಂತಿಲ್ಲ, ದುಡ್ಡು ಕೊಡುವ ಗಿರಾಕಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಾರನೆಯ ದಿನ ಗೋಡೆಗೆ ಒಂದು ರಟ್ಟು ಬಂತು: ಒಂದು ಸಿಸ್ಟಮ್‌ಗೆ ಗಂಟೆಗೆ ಹದಿನೈದು, ಎರಡು ಸಿಸ್ಟಮ್ ಸೇರಿಸಿ ಆಡುವ ಜೋಡಿ ಆಟಕ್ಕೆ ಹತ್ತು ಜಾಸ್ತಿ.

ಶಿವಯೋಗಿ ರಟ್ಟನ್ನು ಓದಿ ಜೇಬು ಮುಟ್ಟಿಕೊಂಡ. ಮೂರ್ತಿ ಕೌಂಟರಿಗೆ ಬಂದು ಇದೇನು ಎಂದು ಕೇಳಿದ. ಮುನಿರಾಜು ಕರೆಂಟು, ವೈರು ಬಿಸಿಯಾಗುವುದು ಎಂದೆಲ್ಲ ಹೇಳಿ ಕೊನೆಗೆ ದನಿ ತಗ್ಗಿಸಿದ.

"ನಿಂಗಲ್ಲ ಮಗಾ. ನೀನು ಯಾವತ್ತು ದುಡ್ಡು ಕೊಟ್ಟಿದೀಯ? ಅವನಿಗೆ ಮಾತ್ರ."

"ಆ ವೈರು ನಾನೂ ಎಳೆದಿದ್ದು ಕಣೋ," ಎಂದ ಮೂರ್ತಿ.

ಆ ದಿನ ಆಟ ನಡೆಯಲಿಲ್ಲ. ಮುನಿರಾಜು ಎಷ್ಟೋ ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಮುದ್ದೆ ಉಂಡ.

ಮರುದಿನ ಇಬ್ಬರೂ ಒಟ್ಟಿಗೇ ಬಂದರು. ಒಂದೇ ಕಂಪ್ಯೂಟರ್ ಕೇಳಿ, ಅದರ ಮುಂದೆ ಎರಡು ಕುರ್ಚಿ ಎಳೆದುಕೊಂಡರು. ಒಂದೇ ರಾಜ್ಯ, ಶಿವಯೋಗಿಯ ಕೈಯಲ್ಲಿ ಮೌಸು, ಮೂರ್ತಿಯ ಕೈಯಲ್ಲಿ ಕೀಬೋರ್ಡು. ರಟ್ಟಿನ ಪ್ರಕಾರ ಅದು ಜೋಡಿ ಆಟವಲ್ಲ, ಕೇಳುವಂತಿಲ್ಲ. ಮೊದಮೊದಲು ಒಬ್ಬ ಆ ಕಡೆ ಎಳೆದರೆ ಇನ್ನೊಬ್ಬ ಈ ಕಡೆ ಎಳೆದು ಸೋತರು, ಸೋತಿದ್ದಕ್ಕೂ ನಕ್ಕರು. ವಾರದೊಳಗೆ ಮಾತೇ ಬೇಕಾಗಲಿಲ್ಲ, ಒಬ್ಬ ತೋರಿಸುವ ಮುಂಚೆ ಇನ್ನೊಬ್ಬ ಒತ್ತಿರುತ್ತಿದ್ದ. ಮೊದಲು ಇಬ್ಬರ ನಡುವೆ ಒಂದು ಕುರ್ಚಿಯಷ್ಟು ಜಾಗವಾದರೂ ಇತ್ತು, ಈಗ ಭುಜಕ್ಕೆ ಭುಜ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಮುನಿರಾಜು. ಎದ್ದು ಹೋಗುವಾಗ ಮೂರ್ತಿ ತನ್ನ ಪಾಲಿನ ಏಳೂವರೆ ರೂಪಾಯಿಯನ್ನು ಕೌಂಟರ್ ಮೇಲೆ ಇಡತೊಡಗಿದ. ಬೇಡ ಅಂದರೂ ಇಟ್ಟು ಹೋಗುತ್ತಿದ್ದ, ಬೇರೆಯವರ ಅಂಗಡಿಯಲ್ಲಿ ಇಟ್ಟ ಹಾಗೆ.

ಮುನಿರಾಜು ಹದಿನೈದು ದಿನ ತಡೆದುಕೊಂಡ. ಒಂದು ಶನಿವಾರ ಅವರ ಎದುರಿಗೇ ರಟ್ಟು ಕಿತ್ತು, ಇನ್ನು ಮೇಲೆ ಜೋಡಿ ಆಟಕ್ಕೆ ಎಕ್ಸ್‌ಟ್ರಾ ಇಲ್ಲ, ಎರಡು ಸಿಸ್ಟಮ್ ತಗೊಳ್ಳಿ ಎಂದ. ಮೂರ್ತಿ ತಲೆ ಎತ್ತಲಿಲ್ಲ. ಶಿವಯೋಗಿಯೇ ಉತ್ತರ ಕೊಟ್ಟ. ಅವನ ದನಿಯಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ, ಅದು ಇದ್ದಿದ್ದರೆ ಮುನಿರಾಜುವಿಗೆ ಎಷ್ಟೋ ವಾಸಿಯಿತ್ತು.

"ಬ್ಯಾಡ್ರಿ ಅಣ್ಣಾರ, ನಮಗ ಹಿಂಗ ರೂಢಿ ಆಗೇತಿ. ಬಾಜೂಕಿನ ಸಿಸ್ಟಮ್ ಖಾಲಿ ಐತಲ್ಲ, ನೀವ ಬರ್ರಿ. ನಮ್ಮ ಎದುರ ಆಡ್ರಿ."

ಎದುರು. ಆದರೂ ಮುನಿರಾಜು ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು, ಗಿರಾಕಿ ಬಂದರೆ ಬರಲಿ ಹೋದರೆ ಹೋಗಲಿ ಎಂದು ಕೂತ. ಎಷ್ಟು ದಿನವಾಗಿತ್ತು ಆ ಕುರ್ಚಿಯಲ್ಲಿ ಕೂತು. ಸೌದೆ ಕಡಿಸಿದ, ಕಲ್ಲು ತರಿಸಿದ, ಮೂರು ಕಡೆ ಎತ್ತರದ ಗೋಡೆ ಎಬ್ಬಿಸಿದ. ಕೈ ಇನ್ನೂ ಮರೆತಿರಲಿಲ್ಲ. ಬಲಗಡೆಯ ಬಾಗಿಲಿಗೆ ಬಂದ ಅವರ ದಂಡನ್ನು ಎರಡು ಸಲ ಹಿಂದಕ್ಕಟ್ಟಿದಾಗ ಶಿವಯೋಗಿ ಭೇಷ್ ಎಂದ. ಮುನಿರಾಜುವಿಗೆ ಉಸಿರು ಸರಾಗವಾಯಿತು. ಗೆದ್ದರೆ ಮೂರ್ತಿ ನಾಳೆ ತನ್ನ ಪಕ್ಕ ಬಂದು ಕೂರುತ್ತಾನೆ, ಹಳೇ ಲೆಕ್ಕದ ಹಾಗೆ ಎಡಕ್ಕೆ, ಎಂದು ಮನಸ್ಸಿಗೆ ತಾನೇ ಹೇಳಿಕೊಂಡ.

ಆಗ ಮೂರ್ತಿ ಶಿವಯೋಗಿಯ ಕಡೆ ಬಾಗಿದ. ಮೆಲ್ಲಗೇ ಹೇಳಿದ, ಆದರೆ ನಡುವೆ ಇದ್ದದ್ದು ಒಂದು ಕುರ್ಚಿಯ ಅಂತರ.

"ಎಡಗಡೆಯಿಂದ ಹೋಗು. ಅಲ್ಲಿ ಇವನು ಗೋಡೆ ಕಟ್ಟಲ್ಲ."

ಮುನಿರಾಜು ಪರದೆಯ ಎಡಕ್ಕೆ ಸರಿದು ನೋಡಿದ. ಬಯಲು ಹಾಗೇ ತೆರೆದುಕೊಂಡಿತ್ತು, ಕುದುರೆಗಳು ಆಗಲೇ ಹೊರಟಿದ್ದವು. ಇನ್ನು ಕಟ್ಟಿದರೂ ಮುಗಿಯುವುದಿಲ್ಲ ಎಂದು ಗೊತ್ತಿತ್ತು. ಆದರೂ ಆಳುಗಳನ್ನು ಕಲ್ಲು ತರಲು ಕಳಿಸಿದ.