ಮಾಸು ಬೀಳುವ ತನಕ

"ಕೈ ಹೊರಗೆ ತೆಗೆದ್ರೆ ಕಡಿದು ಹಾಕ್ತೇನೆ, ಬೇವರ್ಸಿ! ಎಳಿ!"

ಪದ್ಮಯ್ಯ ಧನಿಗಳು ಹತ್ತು ಮಾರು ದೂರದ ಕಲ್ಲಿನ ಮೇಲೆ ಕೊಡೆ ಊರಿಕೊಂಡು ಕೂತಿದ್ದರು. ಪೂವಮ್ಮಕ್ಕನ ಬಲಗೈ ಮೊಣಕೈವರೆಗೂ ಹಸುವಿನ ಒಳಗಿತ್ತು. ಗುಡ್ಡೆಯಲ್ಲಿ ಮೇಯುವ ಸಣ್ಣ ಜಾತಿಯ ಹಸು, ಚೊಚ್ಚಲು. ಹಾಲು ಹೆಚ್ಚಬೇಕೆಂದು ಧನಿಗಳು ಅದನ್ನು ಸರಕಾರದ ದೊಡ್ಡ ಜಾತಿಯ ಸಿಂಧಿ ಹೋರಿಗೆ ಬಿಟ್ಟಿದ್ದರು. ಕರು ದೊಡ್ಡದು, ಹಿಂಗಾಲು ಮೊದಲು ಬಂದಿತ್ತು.

ಅರುವತ್ತೆರಡನೇ ಇಸವಿ. ಮಳೆ ಬಿಟ್ಟು ಲಾಯಿಲದ ಗುಡ್ಡೆ ತುಂಬ ಹುಲ್ಲು. ಧನಿಗಳ ಹನ್ನೊಂದು ಹಸುಗಳು ಆ ತಿಂಗಳಲ್ಲೇ ಕರು ಹಾಕುವವು. ಹೆರಿಗೆಯ ಮೈಲಿಗೆ ಮುಟ್ಟಲು ಗುಡ್ಡೆಯ ಕೆಳಗಿನ ಕೇರಿಯ ನಾವು ಬೇಕು. ಆಮೇಲೆ ಹಸುವಿಗೆ ಅರಿಶಿನ ನೀರು ಎರೆದು ಹಟ್ಟಿಗೆ ಹೊಡೆದುಕೊಂಡು ಹೋಗುತ್ತಾರೆ. ಆ ಹಟ್ಟಿಯ ಬಾಗಿಲಿಗೆ ನಾವು ಹೋಗುವಂತಿಲ್ಲ.

ನಾನು ಕೆಳಗಿನಿಂದ ಓಡಿ ಬಂದಿದ್ದೆ. "ಅಕ್ಕಾ, ಕಾಂತಿಗೆ ನೀರು ಹೋಗಿ ಆಯ್ತು. ಮಗುವಿನ ಕೈ ಹೊರಗೆ ಬಂದುಂಟು. ಬೇಗ ಬಾ."

ಕಾಂತಿ ಪೂವಮ್ಮಕ್ಕನ ಒಬ್ಬಳೇ ಮಗಳು. ಗಂಡಸರೆಲ್ಲ ಧನಿಗಳ ಕೊಯ್ಲಿನಲ್ಲಿದ್ದರು. ನನ್ನ ಮುದಿ ಅತ್ತೆಯನ್ನು ಕಾಂತಿಯ ಬಳಿ ಕೂರಿಸಿ ಬಂದಿದ್ದೆ. ಅಡ್ಡ ನಿಂತ ಮಗುವನ್ನು ತಿರುಗಿಸುವ ಕೈ ನಮ್ಮಲ್ಲಿ ಪೂವಮ್ಮಕ್ಕನದೊಂದೇ.

ಕರು ಜಾರಿ ಬಿತ್ತು. ಅವಳು ಅದರ ಮೂಗು ಒರೆಸಿ ಎದ್ದಳು.

"ಧನೀ, ಕರುವಿಗೆ ಜೀವ ಉಂಟು. ನಾನು ಹೋಗ್ತೇನೆ."

"ಮಾಸು ಕಾಯುದು ಯಾರು, ನಿನ್ನ ಅಪ್ಪನಾ? ಹಸು ಅದನ್ನು ತಿಂದ್ರೆ ಹಾಲು ಬತ್ತಿಹೋಗ್ತದೆ. ಬಿದ್ದದ್ದನ್ನು ಕಟ್ಟಿ ಆಲದ ಮರಕ್ಕೆ ತೂಗು ಹಾಕಿ ಹೋಗು."

"ನಾನು ಕಾಯ್ತೇನೆ ಧನೀ" ಎಂದೆ.

"ಹೆರದ ಮುಂಡೆ! ಚೊಚ್ಚಲು ಹಸುವಿನ ಹತ್ರ ಬಂದ್ರೆ ಕಾಲು ಮುರಿತೇನೆ."

ಮದುವೆಯಾಗಿ ಹದಿನಾಲ್ಕು ವರ್ಷದಿಂದ ಕೇಳುತ್ತ ಬಂದ ಮಾತು.

"ನಿಮ್ಮ ಕಾಲಿಗೆ ಬೀಳ್ತೇನೆ ಧನೀ. ಮಾಸು ಬೀಳ್ಲಿಕ್ಕೆ ಸಂಜೆಯೂ ಆದೀತು" ಎಂದಳು ಪೂವಮ್ಮಕ್ಕ.

"ಆಗ್ಲಿ. ನಿಮ್ಮದು ಗದ್ದೆ ಹುಣಿಯಲ್ಲೇ ಹೆತ್ತು ನೇಜಿ ನೆಡುವ ಜಾತಿ, ಸಾಯುದಿಲ್ಲ. ಹೋದಿಯೋ, ಗುಡಿಸಲು ಕಿತ್ತು ಹಾಕಿಸ್ತೇನೆ."

ಪೂವಮ್ಮಕ್ಕ ಕೂತಳು. ಅವಳನ್ನು ಬಿಟ್ಟು ಹೋಗಿ ಕಾಂತಿಗೆ ಏನು ಹೇಳಲಿ ಎಂದು ನಾನೂ ನಿಂತೆ. ಬಿಸಿಲು ನೆತ್ತಿಗೆ ಬಂತು. ಮಾಸು ಅರ್ಧ ಜಾರಿ ತೂಗುತ್ತಿತ್ತು. ಮೇಲೆ ಎರಡು ಹದ್ದುಗಳು ಸುತ್ತತೊಡಗಿದವು. ಕೆಳಗಿನಿಂದ ಕಾಂತಿಯ ಕೂಗು ಬರುತ್ತಲೇ ಇತ್ತು. ಒಂದೊಂದು ಕೂಗಿಗೂ ಪೂವಮ್ಮಕ್ಕ ಕೈಯಲ್ಲಿ ಹಿಡಿದ ಹುಲ್ಲನ್ನು ಬುಡಸಮೇತ ಕೀಳುತ್ತಿದ್ದಳು.

ಕೂಗು ನಿಂತಿತು.

ಅವಳು ಎದ್ದಳು. ಧನಿಗಳು ಓಡಿ ಬಂದು ದಾರಿಗೆ ಕೊಡೆ ಅಡ್ಡ ಹಿಡಿದರು. ಅವಳು ಕೊಡೆಯನ್ನು ಮುಟ್ಟಲಿಲ್ಲ. ರಕ್ತ ಮೆತ್ತಿದ ಕೈಯನ್ನು ಅವರ ಎದೆಗೇ ಇಟ್ಟು ನೂಕಿದಳು. ಧನಿಗಳು ಹುಲ್ಲಿನ ಮೇಲೆ ಅಂಗಾತ ಬಿದ್ದರು.

ಹಿಂದೆ ಮಾಸು ಕಳಚಿ ಬಿತ್ತು. ಹಸು ತಿರುಗಿ ಮೂಸಿತು.

"ಏ ನೀಲೂ! ನೀನಾದ್ರೂ ಹಿಡಿಯೇ! ತಿನ್ತದೆ!" ಧನಿಗಳು ಬಿದ್ದಲ್ಲಿಂದಲೇ ನನಗೆ ಕೂಗಿದರು.

ನನ್ನಿಂದ ಎರಡು ಹೆಜ್ಜೆ ದೂರದಲ್ಲಿತ್ತು. ನಾನು ಹಿಡಿಯಲಿಲ್ಲ.

ಪೂವಮ್ಮಕ್ಕನ ಹಿಂದೆ ಓಡಿದೆ. ಗುಡಿಸಲಿನ ಅಂಗಳ ಮುಟ್ಟಿದಾಗ ಅತ್ತೆ ಬಾಗಿಲಲ್ಲಿ ತಲೆ ಬಗ್ಗಿಸಿ ಕೂತಿದ್ದಳು. ಒಳಗಿನಿಂದ ಅಳು ಕೇಳಲಿಲ್ಲ. ಕಾಂತಿಯದೂ ಇಲ್ಲ, ಮಗುವಿನದೂ ಇಲ್ಲ.